ತವರಿನ ಕೀಲಿ

ಭಾನುವಾರ ಮುಂಜಾನೆ ತಲೆಗೆ ನೀರು ಹಾಕಿಕೊಂಡು, ದೇವರ ಮುಂದೆ ಊದುಬತ್ತಿ ಹಚ್ಚಿ, ಒದ್ದೆ ಕೂದಲಿಗೆ ಟವೆಲು ಸುತ್ತಿಕೊಂಡೇ ಕಂಪ್ಯೂಟರಿನ ಮುಂದೆ ಕುಳಿತ ದ್ರಾಕ್ಷಾಯಿಣಿಗೆ, ಪರದೆಯ ಮೇಲಿದ್ದದ್ದನ್ನು ಮೊದಲ ಸಲ ಓದಿದಾಗ ಏನೂ ಆಗಲಿಲ್ಲ. ಎರಡನೆಯ ಸಲ ಓದಿದಾಗ ಎದೆ ಧಸಕ್ಕೆಂದಿತು. ನಿಮ್ಮ ಮೇಲ್ ಖಾತೆಯನ್ನು ಹೊಸದೊಂದು ಸಾಧನದಲ್ಲಿ ತೆರೆಯಲಾಗಿದೆ. ಶನಿವಾರ, ಬೆಳಿಗ್ಗೆ ಹತ್ತೂ ನಲವತ್ತು. ಬ್ಯಾಡಗಿ, ಕರ್ನಾಟಕ. ಇದು ನೀವೇ ಏನು? ಕೆಳಗೆ ಎರಡು ಗುಂಡಿಗಳಿದ್ದವು: ಹೌದು, ನಾನೇ; ಇಲ್ಲ, ನಾನಲ್ಲ. ನಿನ್ನೆ ಹತ್ತೂ ನಲವತ್ತಕ್ಕೆ ಅವಳು ಅಗಡಿಯ ಹೈಸ್ಕೂಲಿನಲ್ಲಿ ಒಂಬತ್ತನೆಯವರಿಗೆ ಜೀವಕೋಶದ ಚಿತ್ರ ಬಿಡಿಸಿ ತೋರಿಸುತ್ತಿದ್ದಳು. ಹಾವೇರಿಯ ಈ ಮನೆಯ ಈ ಮೂಲೆಯ ಈ ಡಬ್ಬಿಗೆ ಬ್ಯಾಡಗಿಯ ಹೆಸರು ಹೇಗೆ ಗೊತ್ತಾಯಿತು ಎಂಬುದೇ ಅವಳಿಗೆ ಮೊದಲು ಹೊಳೆದ ಪ್ರಶ್ನೆ, ಅದೂ ಎಂಥ ದಡ್ಡ ಪ್ರಶ್ನೆ. ಬ್ಯಾಡಗಿಯಲ್ಲಿ ಅವಳಿಗೆ ಇರುವುದು ಒಂದೇ ಮನೆ, ಅಕ್ಕ ಮೈಲವ್ವನದು. ಒತ್ತಬೇಕಾದದ್ದು ಯಾವುದೆಂದು ಊರ ಮಕ್ಕಳಿಗೆಲ್ಲ ಸರಿ-ತಪ್ಪು ಗುರುತು ಹಾಕುವ ಟೀಚರಿಗೆ ಗೊತ್ತಿರಲಿಲ್ಲವೆಂದಲ್ಲ. ಬೆರಳು ಆ ಕಡೆಗೇ ಹೋಗಿತ್ತು. ಅಷ್ಟರಲ್ಲಿ ಗಂಡ ಮನೋಹರ ಪೇಪರು ಮಡಚಿಕೊಂಡು ಬಾಗಿಲಲ್ಲಿ ಬಂದು ನಿಂತ.

"ಏನ ನೋಡಾಕತ್ತೀ ಅಷ್ಟ ಕಣ್ಣ ಬಿಟ್ಕೊಂಡು?"

"ಏನಿಲ್ರಿ," ಎಂದಳು. ಎನ್ನುತ್ತಲೇ, ಅವನಿಗೆ ಕಾಣದಿರಲಿ ಎಂಬ ಒಂದೇ ಆತುರಕ್ಕೆ, ಅದನ್ನು ಎದುರಿನಿಂದ ತೊಲಗಿಸುವ ಯಾವುದಾದರೂ ಒಂದು ಗುಂಡಿ ಎಂದು, ಹೌದು ನಾನೇ ಎಂಬುದನ್ನು ಒತ್ತಿಬಿಟ್ಟಳು. ಧನ್ಯವಾದಗಳು, ಈ ಸಾಧನದ ಬಗ್ಗೆ ಇನ್ನು ಮುಂದೆ ಎಚ್ಚರಿಸುವುದಿಲ್ಲ ಎಂದು ಪರದೆ ಬಲು ವಿನಯದಿಂದ ಹೇಳಿ ಮಾಯವಾಯಿತು. ಮನೋಹರ ಒಳಗೆ ಬರಲೂ ಇಲ್ಲ. ಕೋರ್ಟಿನಲ್ಲಿ ಬೆಂಚ್ ಕ್ಲಾರ್ಕಾಗಿ ಮೂವತ್ತು ವರ್ಷ ಊರವರ ಜಗಳದ ಕಾಗದ ಎತ್ತಿಡುತ್ತ ಬಂದವನಿಗೆ ಮನೆಯಲ್ಲಿ ಯಾರ ಕಾಗದವನ್ನೂ ಇಣುಕುವ ಚಾಳಿ ಇರಲಿಲ್ಲ. "ಮೀನಾಕ್ಷಿ ಸೀಟಿಂದು ಏನಾತು? ಬಂತೇನ ಪತ್ರ?" ಎಂದು ಕೇಳಿದ ಅಷ್ಟೇ. "ಇನ್ನ ಬಂದಿಲ್ರಿ," ಎಂದಳು. ಬಂದಿದೆಯೋ ಇಲ್ಲವೋ ಅವಳಿಗೆ ಗೊತ್ತಿರಲಿಲ್ಲ. ಮೇಲ್ ತೆರೆದು ಹತ್ತು ದಿನಗಳಾಗಿದ್ದವು. ಅಕ್ಕನ ಮಗಳು ಮೀನಾಕ್ಷಿಯ ನರ್ಸಿಂಗ್ ಕಾಲೇಜಿನ ಅರ್ಜಿಯನ್ನು ಇದೇ ಕಂಪ್ಯೂಟರಿನಲ್ಲಿ ತುಂಬಿ, ಮೇಲ್ ವಿಳಾಸ ಕೇಳಿದ ಕಡೆ, ನಿಮಗೆಲ್ಲಿ ಮೇಲ್ ಐತಿ, ನಂದಽ ಹಾಕಿರತೇನಿ ಎಂದು ದೊಡ್ಡ ಮನಸ್ಸು ಮಾಡಿ ತನ್ನದನ್ನೇ ಬರೆದವಳು ಆಮೇಲೆ ಮರೆತಿದ್ದಳು. ಮರೆತಿದ್ದಳು ಎನ್ನುವುದೂ ಸುಳ್ಳೇ. ವಾರದಲ್ಲಿ ಮೂರು ಸಲ ಬ್ಯಾಡಗಿಯಿಂದ ಫೋನು ಬಂದಿತ್ತು. ಅಕ್ಕನ ಹೆಸರು ಕಂಡೊಡನೆ ಫೋನನ್ನು ಬೋರಲು ಹಾಕಿ, ಆಮೇಲೆ ಕ್ಲಾಸಿನ್ಯಾಗಿದ್ದೆ ಅನ್ನುವುದು ಅವಳಿಗೆ ಎಷ್ಟು ರೂಢಿಯಾಗಿತ್ತೆಂದರೆ, ಕ್ಲಾಸಿಲ್ಲದ ಹೊತ್ತಿನಲ್ಲೂ ಕೈ ತಾನೇ ಹಾಗೆ ಮಾಡುತ್ತಿತ್ತು.

ಯಾರಿರಬಹುದು ಎಂದು ಯೋಚಿಸುವ ಅಗತ್ಯವೂ ಇರಲಿಲ್ಲ, ಅದೇ ಭಯ. ಎರಡು ವರ್ಷದ ಹಿಂದೆ ಶಿಕ್ಷಕರಿಗೆಲ್ಲ ನಡೆಸಿದ ತರಬೇತಿಯಲ್ಲಿ, ಮನೆಯ ಕಂಪ್ಯೂಟರಿನಲ್ಲಿ ಅಂತರ್ಜಾಲವನ್ನು ಹುಷಾರಾಗಿ ಹೇಗೆ ಬಳಸಬೇಕೆಂದು ಹೇಳಲು ಬಂದಿದ್ದ ತೆಳ್ಳನೆಯ ಮನುಷ್ಯ, ಹುಟ್ಟಿದ ದಿನ ಬೇಡ, ಮಕ್ಕಳ ಹೆಸರು ಬೇಡ, ಊರ ಹೆಸರು ಬೇಡ, ನಿಮಗೆ ನೆನಪಿಗೆ ಸುಲಭ, ಇನ್ನೊಬ್ಬರ ಊಹೆಗೆ ಕಷ್ಟ, ಅಂಥದು ಪಾಸ್‌ವರ್ಡ್ ಆಗಬೇಕು ಎಂದಿದ್ದ. ನಿಮ್ಮದು ಹೇಗಿದೆ ಮೇಡಂ ಎಂದು ಮೊದಲ ಸಾಲಿನಲ್ಲಿದ್ದ ಅವಳನ್ನೇ ಎಬ್ಬಿಸಿದಾಗ, ಅವಳು ನಗುತ್ತ, ದೇವರಕಿಂತ ಗಟ್ಟಿ ಕೀಲಿ ಯಾವುದೈತ್ರಿ ಸರ್ ಅಂದುಬಿಟ್ಟಿದ್ದಳು. ಅರವತ್ತು ಜನ ಟೀಚರುಗಳು ಗೊಳ್ಳೆಂದು ನಕ್ಕರು. ಹಿಂದಿನಿಂದ ಯಾರೋ, ಹಂಗಾದ್ರ ಕಾಂತೇಶಽ ಅನ್ರಿ ಎಂದರು, ಅವಳ ಗಂಡನ ಮನೆದೇವರು ಕದರಮಂಡಲಗಿಯ ಆಂಜನೇಯ ಎಂಬುದು ಶಾಲೆಗೆಲ್ಲ ಗೊತ್ತಿದ್ದರಿಂದ. ಮುಖ ಕೆಂಪಾದರೂ ಒಳಗೊಳಗೇ ಒಂದು ಧೈರ್ಯವಿತ್ತು: ಅವರ ಊಹೆ ತಪ್ಪು. ಹೆಣ್ಣಿನ ಕುತ್ತಿಗೆಗೆ ತಾಳಿ ಬಿದ್ದ ದಿನವೇ ಅವಳ ಮನೆದೇವರೂ ಬದಲಾಗುತ್ತಾನೆ. ಇಪ್ಪತ್ತೈದು ವರ್ಷ ಕದರಮಂಡಲಗಿಗೆ ಕಾಯಿ ಒಡೆಸಿದವಳು, ಯಾರೂ ಕಾಣದ ಆ ಚುಕ್ಕೆಗಳ ಹಿಂದೆ ಮಾತ್ರ ತವರಿನವನನ್ನು ಬಚ್ಚಿಟ್ಟುಕೊಂಡಿದ್ದಳು. ದೇವರಗುಡ್ಡದ ಮಾಲತೇಶ. ಅಂಕಿ ಬೇಕೇ ಬೇಕೆಂದು ಕಂಪ್ಯೂಟರು ಹಟ ಹಿಡಿದಾಗ, ಅಪ್ಪ ಗುಡ್ಡದ ಮೆಟ್ಟಿಲ ಮೇಲೆ ಭಂಡಾರದ ಅರಿಶಿನ ಎರಚಿ ಕೂಗುತ್ತಿದ್ದ ಏಳುಕೋಟಿಯನ್ನು ಏಳೆಂಬ ಅಂಕಿ ಹಾಕಿ ಸೇರಿಸಿದಳು. ಗಟ್ಟಿಯಾಗಿದೆ ಎಂದು ಹಸಿರು ಗೆರೆ ಮೂಡಿತು. ಜಗತ್ತಿನಲ್ಲಿ ಅದನ್ನು ಊಹಿಸಬಲ್ಲವರು ಅದೇ ಅಪ್ಪನ ಹೆಗಲ ಮೇಲೆ ಕುಳಿತು ಅದೇ ಗುಡ್ಡ ಹತ್ತಿದವರು ಮಾತ್ರ. ಅಂಥವರಲ್ಲಿ ಈಗ ಉಳಿದಿರುವುದು ಇಬ್ಬರೇ, ಅವಳು ಮತ್ತು ಮೈಲವ್ವ.

ಹುಡುಕುವ ಪಟ್ಟಿಯ ಮೇಲೆ ಒತ್ತಿದಳು, ಆ ಒಂದು ಪತ್ರವನ್ನು ಹುಡುಕಿ ತೆಗೆಯಬೇಕೆಂದು. ಒತ್ತಿದ ಕೂಡಲೇ, ಹಿಂದೆ ಹುಡುಕಿದ್ದು ಎಂದು ಒಂದು ಪದ ತಾನಾಗಿ ಕೆಳಗಿಳಿದು ಬಂತು: ಮೀನಾಕ್ಷಿ. ಅವಳು ಎಂದೂ ಆ ಹೆಸರನ್ನು ಅಲ್ಲಿ ಬರೆದಿರಲಿಲ್ಲ. ಆ ಪದವನ್ನೇ ಒತ್ತಿದರೆ ಎರಡು ಸಾಲು ಬಂದವು. ಒಂದು ನರ್ಸಿಂಗ್ ಕಾಲೇಜಿನ ಪತ್ರ, ಸೀಟು ಸಿಕ್ಕಿದೆ, ಒಪ್ಪಿಗೆ ತಿಳಿಸಲು ಶನಿವಾರ ಸಂಜೆ ಐದು ಕಡೆಯ ಗಡುವು ಎಂದು. ಇನ್ನೊಂದು ಎರಡು ವರ್ಷದ ಹಿಂದೆ ರಾಣೇಬೆನ್ನೂರಿನ ಗೆಳತಿ ಪುಷ್ಪಾವತಿಗೆ ಅವಳೇ ಬರೆದದ್ದು. ಓದಬಾರದೆಂದುಕೊಂಡರೂ ಓದಿದಳು. ಅಕ್ಕ ಮೀನಾಕ್ಷಿಯನ್ನು ಪಿಯುಸಿಗೆ ನಮ್ಮ ಮನೆಯಲ್ಲಿ ಬಿಡುತ್ತೇನೆ ಅಂತಾಳೆ. ಇವರಂತೂ ಇರಲಿ ಬಿಡು, ಮನೆಯಲ್ಲಿ ಒಂದು ಮಗು ಓಡಾಡಿದರೆ ಚಂದ ಅಂದರು. ನನಗೇ ಆಗದು. ತಾಯಿ ಮಗಳು ಬಂದು ಕೂತು ಹೋದರೆ ಎರಡು ದಿನ ಮನೆ ತುಂಬ ಮೆಣಸಿನಕಾಯಿ ಘಾಟು, ಸೋಫಾದ ಕವರು ಬಿಚ್ಚಿ ತೊಳೆಯಲು ಹಾಕಿದೆ. ಅದು ಬಟ್ಟೆಯ ವಾಸನೆಯಲ್ಲ, ಮೈಗೇ ಹತ್ತಿದ್ದು, ತೊಳೆದರೆ ಹೋಗುವುದಲ್ಲ. ಇವರು ಒಪ್ಪುವುದಿಲ್ಲ ಅಂತ ಅಕ್ಕನಿಗೆ ಹೇಳಿ ಪಾರಾದೆ.

ಪಾರಾದೆ ಅಂತ ಬರೆದಿದ್ದಳಲ್ಲ ಪುಣ್ಯಾತ್ಗಿತ್ತಿ. ಅಂದಿನಿಂದ ಮೈಲವ್ವ ಮನೋಹರನ ಜೊತೆ ಮುಖ ಕೊಟ್ಟು ಮಾತಾಡಿಲ್ಲ. ಅವನಿಗೆ ಯಾಕೆಂದು ತಿಳಿದಿಲ್ಲ. ನಿಮ್ಮಕ್ಕಗ ನಾ ಏನ ಮಾಡೇನಿ ಎಂದು ಒಮ್ಮೆ ಕೇಳಿದಾಗ, ಅಕಿ ಸ್ವಭಾವಽ ಹಂಗ್ರಿ ಎಂದು ಇವಳು ಸಾರಿಗೆ ಒಗ್ಗರಣೆ ಹಾಕಿದ್ದಳು. ಸುಳ್ಳು ಹೇಳಿದ್ದಕ್ಕಿಂತ, ಆ ಸುಳ್ಳು ಎರಡು ವರ್ಷ ಒಂದೂ ಹುಳುಕಿಲ್ಲದೆ ನಿಂತಿತ್ತಲ್ಲ, ಅದಕ್ಕೇ ಈಗ ಹೆದರಿಕೆ. ಪತ್ರವನ್ನು ಅಳಿಸಿದಳು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ. ಓದಿದ್ದಾರೋ ಇಲ್ಲವೋ? ಮೇಲಿನದನ್ನು ತೆರೆದು, ತಮ್ಮ ಕೆಲಸ ನೋಡಿಕೊಂಡು, ಕೆಳಗಿನದನ್ನು ಬಿಟ್ಟಿರಬಾರದೇಕೆ? ಆದರೆ ತನ್ನ ಹೆಸರಿರುವ ಇನ್ನೊಂದು ಪತ್ರವನ್ನು ತೆರೆಯದೆ ಬಿಡುವ ಹದಿನೆಂಟು ವರ್ಷದ ಹುಡುಗಿ ಎಲ್ಲಾದರೂ ಇದ್ದಾಳೆಯೇ? ತಾನಾದರೂ ಬಿಡುತ್ತಿದ್ದಳೇ?

ಹಿತ್ತಿಲಿಗೆ ಹೋಗಿ, ಒಗೆದ ಬಟ್ಟೆಗಳ ಮರೆಯಲ್ಲಿ ನಿಂತು, ಕಂಪ್ಯೂಟರು ರಿಪೇರಿ ಮಾಡುವ ಅಬ್ದುಲರಜಾಕನಿಗೆ ಫೋನು ಹಚ್ಚಿದಳು. ಭಾನುವಾರವೆಂದು ಅವನು ಬೈಯಲಿಲ್ಲ. ಯಾರದೋ ಕಥೆಯೆಂಬಂತೆ ಶುರು ಮಾಡಿದ್ದು ಎರಡನೆಯ ವಾಕ್ಯಕ್ಕೇ ತನ್ನದಾಗಿ ಹೋಯಿತು.

"ಇಲ್ಲ ಅನ್ನೂದು ಒತ್ತಿದ್ರಿಲ್ಲೊ?"

"ಹೌದು ಅನ್ನೂದು ಒತ್ತೇನ್ರಿ."

"ಅಯ್ಯ ಟೀಚರ್ರ, ಕಳ್ಳಗ ನೀವಽ ನಮ್ಮನಿ ಮನಷ್ಯಾ ಅಂತ ಬರಕೊಟ್ಟಂಗಾತಲ್ರೀ. ಆತು, ಅಂಜಬ್ಯಾಡ್ರಿ. ಲಗೂನ ಪಾಸ್‌ವರ್ಡ್ ಬದಲಿ ಮಾಡ್ರಿ, ಆಮ್ಯಾಲ ಎಲ್ಲಾ ಕಡೆಯಿಂದ ಹೊರಗ ಹಾಕು ಅಂತ ಒಂದು ಬರತೈತಿ, ಅದನ್ನ ಒತ್ರಿ. ಒಂದಽ ನಿಮಿಷದ ಕೆಲಸ. ಸಾಹೇಬ್ರ ಫೋನಿಗೆ ಒಂದು ನಂಬರ ಬರತೈತಿ ನೋಡ್ರಿ, ಅದನ್ನ ಹಾಕಿದ್ರ ಮುಗೀತು. ನಿಮ್ಮ ಖಾತೆಕ್ಕ ಅವರ ನಂಬರಽ ಕೊಟ್ಟೇವಲ್ಲ. ಮತ್ತ ಈ ಸಲ ದೇವರ ಹೆಸರ ಬ್ಯಾಡ್ರೀ ಟೀಚರ್ರ. ದೇವರು ಎಲ್ಲಾರಿಗೂ ಗೊತ್ತಿರತಾನ."

ಒಂದೇ ನಿಮಿಷದ ಕೆಲಸ. ಗಂಡನ ಮುಂದೆ ಹೋಗಿ, ನಿಮ್ಮ ಫೋನಿಗೆ ಬಂದ ನಂಬರು ಹೇಳ್ರಿ ಅಂದರೆ ಸಾಕು. ಯಾಕ ಅನ್ನುತ್ತಾನೆ. ಯಾರೋ ನನ್ನ ಮೇಲ್ ತಗದಾರ್ರಿ. ಯಾರು? ಎಲ್ಲಿಂದ? ಬ್ಯಾಡಗಿಯಿಂದ ಅಂದರೆ, ಅವನು ಅಮಾಯಕನಾಗಿ, ಕೇಳೋಣ ತಡಿ ಎಂದು ಮೈಲವ್ವನಿಗೇ ಫೋನು ಹಚ್ಚಿದನೆಂದರೆ? ಎರಡು ವರ್ಷ ಅವನ ತಲೆಗೆ ಕಟ್ಟಿದ ಗಂಟು ಅವನ ಕೈಯಲ್ಲೇ ಬಿಚ್ಚಿಕೊಳ್ಳುತ್ತದೆ. ಬೇಡ. ಮೊದಲು ಹೋಗಿ ಮುಖ ನೋಡಿ ಬರಬೇಕು. ಮುಖ ನೋಡಿದರೆ ಗೊತ್ತಾಗುತ್ತದೆ. "ಅಕ್ಕನ ಮನಿಗೆ ಹೋಗಿ ಬರತೇನ್ರಿ," ಎಂದಳು. ಮನೋಹರ ಖುಷಿಯಿಂದಲೇ, "ಪೇಡೆ ತಗೊಂಡು ಹೋಗು," ಎಂದ.

ಬಸ್ಸಿನಲ್ಲಿ ಆಧಾರ ತೋರಿಸಿ ಪುಕ್ಕಟೆ ಟಿಕೇಟು ಹರಿಸಿಕೊಂಡು ಕಿಟಕಿಗೆ ಕುಳಿತವಳಿಗೆ ಮೋಟೆಬೆನ್ನೂರು ಬರುವವರೆಗೆ ಹೊರಗಿನದೇನೂ ಕಾಣಲಿಲ್ಲ. ಪಕ್ಕದ ಹೆಂಗಸು ಮೊಬೈಲಿನಲ್ಲಿ ಏನೋ ಓದಿಕೊಂಡು ತನ್ನಷ್ಟಕ್ಕೆ ನಗುತ್ತಿದ್ದಳು. ಅದು ತನ್ನ ಪತ್ರವೇ ಎಂದು ಒಂದು ಗಳಿಗೆ ಖರೇನೇ ಅನಿಸಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದು ಎಂದರೆ ಇದೇ ಇರಬೇಕು. ಸಣ್ಣವಳಿದ್ದಾಗ ಅವಳಿಗೂ ಮೈಲವ್ವನಿಗೂ ಒಂದೇ ಚಾದರ. ಜ್ವರ ಬಂದು ಅವಳು ವಾಂತಿ ಮಾಡಿಕೊಂಡಾಗ ಮೈಲವ್ವ ತನ್ನ ಲಂಗದಿಂದಲೇ ಒರೆಸಿ, ಯಾರಿಗೂ ಹೇಳಬ್ಯಾಡ, ಅವ್ವ ಬೈತಾಳ ಎಂದು ರಾತ್ರಿಯೇ ಬಾವಿಕಟ್ಟೆಯಲ್ಲಿ ಒಗೆದು ತಂದಿದ್ದಳು. ಒಬ್ಬರನ್ನೇ ಓದಿಸಲು ಆಗುತ್ತದೆ ಎಂದು ಅಪ್ಪ ಹೇಳಿದ ದಿನ, ಅಕಿನ್ನ ಓದಸ್ರಿ, ನನಗ ಅಕ್ಷರ ತಲಿಗೆ ಹತ್ತಂಗಿಲ್ಲ ಎಂದವಳು ಅಕ್ಕ. ಹತ್ತುತ್ತಿದ್ದವು. ಗೋಡೆಯ ಮೇಲೆ ಇದ್ದಿಲಿನಿಂದ ಬರೆದ ಅ ಆ ದ್ರಾಕ್ಷಾಯಿಣಿಯದಕ್ಕಿಂತ ದುಂಡಗಿದ್ದವು. ಬ್ಯಾಡಗಿಯ ಸ್ಟ್ಯಾಂಡಿನಲ್ಲಿ ಇಳಿದಾಗ ಗಾಳಿಯಲ್ಲೇ ಆ ಘಾಟು ಇತ್ತು, ಊರಿಗೆ ಊರೇ ಅದನ್ನು ಉಸಿರಾಡಿಕೊಂಡು ಆರಾಮಾಗಿತ್ತು.

ಮೈಲವ್ವನ ಮನೆಯ ಪಡಸಾಲೆಯಲ್ಲಿ ಗೋಣಿತಟ್ಟಿನ ಮೇಲೆ ಮೊಣಕಾಲೆತ್ತರ ಮೆಣಸಿನಕಾಯಿ. ಪೇಟೆಯಿಂದ ಚೀಲ ತಂದು, ತೊಟ್ಟು ಬಿಡಿಸಿಕೊಟ್ಟೇ ಗಂಡನಿಲ್ಲದ ಆ ಮನೆ ನಡೆದುಬಂದಿತ್ತು. ಹೊಸಿಲಲ್ಲೇ ದ್ರಾಕ್ಷಾಯಿಣಿಯ ಗಂಟಲು ಕೆರೆಯಿತು. ಕೆಮ್ಮಬಾರದು. ಇವತ್ತೊಂದು ದಿನ ಸತ್ತರೂ ಕೆಮ್ಮಬಾರದು. ಕೆಮ್ಮಿದರೆ ಪತ್ರಕ್ಕೆ ತಾನೇ ಸಹಿ ಹಾಕಿದಂತೆ ಎನಿಸಿ, ಉಸಿರು ಬಿಗಿಹಿಡಿದು, ಕಣ್ಣಲ್ಲಿ ನೀರು ತುಂಬಿಕೊಂಡು ನಿಂತಳು.

"ಅಯ್ಯ, ದ್ರಾಕ್ಷವ್ವ!" ಮೈಲವ್ವ ಕೈ ಝಾಡಿಸಿಕೊಂಡು ಎದ್ದಳು. "ಬಾ ಬಾ, ಒಳಗ ಬಾ. ನಿನ್ನ ಗಂಡ ಕಳಿಸಿದ್ನೇನ? ಏನವ, ಅಳಾಕತ್ತೀ? ಖೆಮ್ಮ ಬಂದ್ರ ಖೆಮ್ಮ, ಯಾಕ ಜೀವಾ ಹಿಡಕೊಂಡು ನಿಂತೀ!" ಎಂದು ನಕ್ಕಳು. ಆ ನಗೆಯಲ್ಲಿ ಏನೂ ಇರಲಿಲ್ಲ. ಗೊತ್ತಿಲ್ಲ, ಅವಳಿಗೆ ಗೊತ್ತಿಲ್ಲ. ಕೆಮ್ಮು ಕಟ್ಟೆಯೊಡೆದು ಬಂತು. ಕೆಮ್ಮಿ ಕೆಮ್ಮಿ ಗೋಡೆ ಹಿಡಿದುಕೊಂಡಳು. ಕಣ್ಣೊರೆಸಿಕೊಂಡು ನೋಡಿದರೆ ಅಡಿಗೆಮನೆಯ ಬಾಗಿಲಲ್ಲಿ ಮೀನಾಕ್ಷಿ ನಿಂತಿದ್ದಳು, ನೀರಿನ ಚರಿಗೆ ಹಿಡಿದುಕೊಂಡು. ಯಾವಾಗಲೂ ಚಿಗವ್ವ ಬಂದ್ಲು ಎಂದು ಓಡಿ ಬಂದು ಕುತ್ತಿಗೆಗೆ ಜೋತು ಬೀಳುವ ಹುಡುಗಿ, ಇವತ್ತು ಮಾರು ದೂರದಲ್ಲೇ ಬಗ್ಗಿ ಚರಿಗೆಯನ್ನು ನೆಲಕ್ಕಿಟ್ಟು, "ತಗೋರಿ," ಎಂದಳು. ಆಮೇಲೆ ಹೋಗಿ ಕಿಟಕಿಯ ಎರಡೂ ಬಾಗಿಲು ತೆರೆದಳು. ಚಿಗವ್ವನಿಗೆ ಎಂದೂ ರೀ ಹಚ್ಚಿದವಳಲ್ಲ ಅವಳು.

"ಸಿಟ್ಟಾಗಬ್ಯಾಡ ನೋಡ," ಎಂದು ಮೈಲವ್ವ ಪೇಡೆಯ ಡಬ್ಬಿಯನ್ನು ದೇವರ ಮುಂದಿಟ್ಟು ಬಂದು ಕುಳಿತಳು. "ನಿನಗ ಫೋನ್ ಹಚ್ಚಿ ಹಚ್ಚಿ ಸಾಕಾತು. ನಿನ್ನೆ ಕಡೇ ದಿನ ಅಂತ ಯಾರೋ ಗೆಳತಿ ಹೇಳಿದ್ಲಂತ, ಈ ಹುಡುಗಿ ಅಳಾಕ ಹತ್ತಿತು. ಪತ್ರ ಚಿಗವ್ವನ ಕಂಪೂಟರಿಗೆ ಬಂದಿರತೈತಿ, ಕೀಲಿ ಗೊತ್ತಿಲ್ಲ ಅಂತು. ನಾ ಅಂದೆ, ಹುಚ್ಚಿ, ನನ್ನ ತಂಗಿ ಕೀಲಿ ಹಾಕಿದ್ರ ಮಾಲತೇಶಂದ ಹಾಕಿರತಾಳ. ಗಂಡನ ಮನಿಗೆ ಹ್ವಾದ್ರೇನಾತು, ನಮ್ಮಪ್ಪನ ಮಗಳು. ಏಳುಕೋಟಿ ಅನ್ನದ ಅಕಿ ಬಾಗಲಾ ಹಾಕಂಗಿಲ್ಲ ಅಂದೆ. ಹೋಗಿ ಇಂಟರ್‌ನೆಟ್ ಅಂಗಡ್ಯಾಗ ಬಡೀತು. ಮೂರನೇ ಸಲಕ್ಕ ತಗೀತಂತ ನೋಡ!" ಅವಳ ಮುಖ ಅರಳಿತ್ತು. ತಂಗಿ ತವರನ್ನು ಮರೆತಿಲ್ಲ ಎಂಬುದಕ್ಕೆ ಕಂಪ್ಯೂಟರೇ ಸಾಕ್ಷಿ ಹೇಳಿದಂತೆ. "ಸೀಟ ಸಿಕ್ಕತು, ಅಲ್ಲೇ ಒಪ್ಪಿಗೀನೂ ಕಳಿಸ್ತು. ಹಾಸ್ಟೆಲ್ಲೂ ಸಿಕ್ಕತು. ಎಲ್ಲಾ ನಿನ್ನ ಪುಣ್ಯೇವ. ಅಂವ ಅವತ್ತ ಬ್ಯಾಡ ಅಂದ್ರೂ ನೀ ಕೈ ಬಿಡಲಿಲ್ಲ."

ದ್ರಾಕ್ಷಾಯಿಣಿ ನೆಲ ನೋಡುತ್ತ ಕುಳಿತಿದ್ದಳು. ಈಗ ಹುಡುಗಿ ಬಾಯಿ ತೆಗೆಯುತ್ತಾಳೆ, ಈಗ, ಇನ್ನೊಂದು ಉಸಿರಿಗೆ. ಮೀನಾಕ್ಷಿ ತಾಯಿಯ ಹಿಂದೆ ಕುಳಿತು ತೊಟ್ಟು ಬಿಡಿಸುತ್ತಿದ್ದಳು, ಚಟ್, ಚಟ್, ಒಂದೂ ತಪ್ಪದೆ. ಮೈಲವ್ವ ಟ್ರಂಕಿನಿಂದ ಮಡಿಕೆ ಹಾಕಿದ ಹಾಳೆ ತೆಗೆದಳು, ಅಂಗಡಿಯಲ್ಲಿ ಮುದ್ರಿಸಿ ತಂದ ಸೀಟಿನ ಪತ್ರ. ಖಾರದಿಂದ ಕೆಂಪಾದ ತೋರುಬೆರಳನ್ನು ಒಂದು ಸಾಲಿನ ಕೆಳಗೆ ಇಟ್ಟಳು. "ಮೀ," ಎಂದಳು. ತಡೆದಳು. "ನಾ... ಕ್ಷಿ. ನೋಡಿದೇನ? ದಿನಾ ಒಂದೊಂದು ಹಾಳಿ ಓದಸ್ತಾಳ ನನ್ನ ಮಗಳು. ಹಾಸ್ಟೆಲ್ಲಿಗೆ ಹೋದಮ್ಯಾಲ ಪತ್ರ ಬರೀತಾಳಂತ, ನಾನಽ ಓದಬೇಕಂತ, ಇನ್ನೊಬ್ರ ಕಡೆ ಓದಸಬಾರದಂತ." ಬೆರಳು ಮುಂದಿನ ಪದಕ್ಕೆ ಜರುಗಿತು. ಆ ಬೆರಳು ಹಾಳೆಯ ಮೇಲಲ್ಲ, ತನ್ನ ಮೈಮೇಲೆ ಜರುಗುತ್ತಿದೆ ಎನಿಸಿ ದ್ರಾಕ್ಷಾಯಿಣಿ ಎದ್ದು ನಿಂತಳು. ಬಸ್ಸು ಐತಿ ಅಕ್ಕ, ಅವ್ರು ದಾರಿ ಕಾಯತಾರ ಎಂದಳು. ಉಂಡು ಹೋಗು ಎಂದರೂ ಕೇಳಲಿಲ್ಲ. ಮೈಲವ್ವ ಮಗಳನ್ನು ಸ್ಟ್ಯಾಂಡಿನವರೆಗೆ ಜೊತೆಗೆ ಕಳಿಸಿದಳು.

ದಾರಿಯುದ್ದಕ್ಕೂ ಮೀನಾಕ್ಷಿ ಎರಡು ಹೆಜ್ಜೆ ಹಿಂದೆ ನಡೆದಳು. ದ್ರಾಕ್ಷಾಯಿಣಿ ನಿಂತರೆ ಅವಳೂ ನಿಂತಳು. ಏನಾದರೂ ಅನ್ನಬೇಕು, ಬೈದರೂ ಸರಿ, ಅತ್ತರೂ ಸರಿ. ಕ್ಷಮಿಸು ಅನ್ನುವ ಮಾತು ಗಂಟಲವರೆಗೆ ಬಂದು, ಅದನ್ನು ಅಂದರೆ ಓದಿದ್ದು ಖರೆಯಾಗುತ್ತದೆ ಎಂದು ಹೆದರಿ ವಾಪಸು ಹೋಯಿತು. ಇನ್ನೂ, ಈಗಲೂ, ಓದಿರಲಿಕ್ಕಿಲ್ಲ ಎಂಬ ಒಂದು ಎಳೆಯನ್ನು ಹಿಡಿದುಕೊಂಡಿದ್ದಳು ಮಹಾತಾಯಿ. ಹಾವೇರಿ ಬಸ್ಸು ಬಂದು ನಿಂತಿತು. ಮೆಟ್ಟಿಲ ಮೇಲೆ ಕಾಲಿಡುವಾಗ ಹಿಂದಿನಿಂದ ಸಣ್ಣ ದನಿ ಬಂತು.

"ಚಿಗವ್ವಾ, ಆ ಕೀಲಿ ಬದಲಿ ಮಾಡ್ರಿ. ಅವ್ವಗ ಗೊತ್ತೈತದು."

ದ್ರಾಕ್ಷಾಯಿಣಿ ತಿರುಗಿದಳು. "ನಾ... ಅದನ್ನ ಅಳಿಸೇನಿ, ಮೀನಾ. ಮುಂಜಾನೆನಽ ಅಳಿಸೇನಿ."

"ಅಳಿಸಿದ್ದು ಹೋಗಂಗಿಲ್ರಿ. ಕಸದ ಬುಟ್ಟಿ ಅಂತ ಐತಿ, ಅದರಾಗ ಮೂವತ್ತು ದಿನ ಇರತೈತಿ. ಅದನ್ನೂ ಖಾಲಿ ಮಾಡ್ರಿ." ಹುಡುಗಿಯ ಕಣ್ಣುಗಳು ಒಣಗಿದ್ದವು. ಅಗಡಿಯ ಶಾಲೆಯಲ್ಲಿ ತಾನು ದಡ್ಡ ಮಕ್ಕಳಿಗೆ ಮತ್ತೆ ಮತ್ತೆ ಹೇಳುವಾಗಿನ ಅದೇ ತಾಳ್ಮೆ ಆ ದನಿಯಲ್ಲಿತ್ತು. "ಅವ್ವ ಈಗ ಕೂಡಿಸಿ ಕೂಡಿಸಿ ಓದಾಕತ್ತಾಳ. ದೀಪಾವಳಿ ಅನ್ನೂದ್ರಾಗ ಚಲೋ ಓದತಾಳ."

"ಮೀನಾ, ನಾ ಅವತ್ತ..."

"ನಾ ಯಾರ ಮುಂದೂ ಹೇಳಿಲ್ರಿ. ಹೇಳಂಗೂ ಇಲ್ಲ. ಅವ್ವಗ ತವರಮನಿ ಅಂತ ಇರೂದು ನೀವೊಬ್ರಽ." ಕಂಡಕ್ಟರು ಸೀಟಿ ಊದಿದ. ಹಿಂದಿನವರು ತಳ್ಳಿದರು, ದ್ರಾಕ್ಷಾಯಿಣಿ ಮೇಲೆ ಹತ್ತಿ ಕಂಬಿ ಹಿಡಿದುಕೊಂಡಳು. ಮೀನಾಕ್ಷಿ ಬಾಗಿಲ ಹತ್ತಿರ ಬಂದಳು, ಮುಂಜಾನೆಯಿಂದ ಮೊದಲ ಸಲ ಅಷ್ಟು ಹತ್ತಿರ.

"ನಾ ಇನ್ನ ನಿಮ್ಮನಿಗೆ ಬರಂಗಿಲ್ರಿ," ಎಂದಳು. "ಅವ್ವ ಬಂದ್ರ ಕುಂದ್ರಾಕ ಹೇಳ್ರಿ."